ಹೆಡ್ಡಿನ ಒಳಗಿನ ಗೀರು

ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಹಳೇ ಟೂ-ಸ್ಟ್ರೋಕ್ ಬೈಕನ್ನು ಕೊಂಡೆ. ರಿಪೇರಿಗೆ ಬಿಟ್ಟರೆ ಒರಿಜಿನಲ್ ಪಾರ್ಟು ಮಾಯವಾಗಿ ಡೂಪ್ಲಿಕೇಟ್ ಬಂದು ಕೂರುತ್ತೆ ಅಂತ ಎಲ್ಲರೂ ಹೆದರಿಸಿದ್ದರು. ಅದಕ್ಕೇ ಶಿವಾಜಿನಗರದ ನಯಾಜ್ ಭಾಯ್ ಗ್ಯಾರೇಜಿಗೆ ಒಯ್ಯುವ ಮೊದಲು ನಾನೇ ಇಂಜಿನ್ ಹೆಡ್ ಬಿಚ್ಚಿ, ಒಳಮೈಯಲ್ಲಿ ಗುರುತಿಗೆ ಅಂತ ಮೊಳೆಯಿಂದ ಆಳವಾಗಿ ಒಂದು ಗೀರು ಎಳೆದು, ಮತ್ತೆ ಕೂರಿಸಿದ್ದೆ.

ಹದಿನೈದು ದಿನಕ್ಕೆ ಬೈಕು ರೆಡಿಯಾಯಿತು. ಹೊಸ ಪೇಂಟು, ಹೊಸ ವೈರಿಂಗು. ಆದರೆ ಹಲಸೂರು ದಾಟುವಷ್ಟರಲ್ಲಿ ಪುಸ್ ಪುಸ್ ಅಂತ ನಿಂತೇ ಹೋಯಿತು. ತಳ್ಳಿಕೊಂಡು ವಾಪಸ್ ಹೋದೆ.

“ಹೆಡ್ ಬದಲಾಯಿಸಿದ್ದೀರಾ ಭಾಯ್. ನಿಜ ಹೇಳ್ಬಿಡಿ.”

“ಅರೆ, ಹೆಡ್ಡಿಗೆ ನಾನು ಕೈಯೇ ಹಾಕಿಲ್ಲ! ತಗೊಳ್ಳಿ, ನೀವೇ ಬಿಚ್ಚಿ ನೋಡಿ,” ಅಂತ ಸ್ಪ್ಯಾನರ್ ಕೊಟ್ಟರು.

ಬಿಚ್ಚಿದೆ. ನನ್ನ ಗೀರು ಅಲ್ಲೇ ಇತ್ತು. ಅದರ ಉದ್ದಕ್ಕೂ ಕರಿ ಮಸಿ. ಅದು ಇಂಜಿನ್ನಿನ ಒತ್ತಡ ಹೊರಗೆ ಸೋರದಂತೆ ಗ್ಯಾಸ್ಕೆಟ್ ಕೂರುವ ಜಾಗ. ಕಂಪ್ರೆಷನ್ನೆಲ್ಲ ಗೀರಿನಿಂದಲೇ ಸೋರಿತ್ತು.

ನಯಾಜ್ ಭಾಯ್ ಗೀರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. “ಯಾವನೋ ತಲೆಕೆಟ್ಟವನು ಮೊಳೆಯಲ್ಲಿ ಗೀಚಿದ್ದಾನೆ. ನಿಮಗೆ ಗಾಡಿ ಮಾರಿದವನೇ ಇರ್ಬೇಕು, ಅಲ್ವಾ?”

“ಇರ್ಬೇಕು,” ಅಂದೆ.

ಅವರು ಗಾಜಿನ ಹಲಗೆಯ ಮೇಲೆ ಎಮೆರಿ ಪೇಪರ್ ಹಾಸಿ, ಹೆಡ್ಡನ್ನು ನನ್ನ ಕೈಗಿಟ್ಟು, “ಉಜ್ಜಿ,” ಅಂದರು. ಗೀರು ಪೂರ್ತಿ ಅಳಿಯುವ ಹೊತ್ತಿಗೆ ರಟ್ಟೆ ಬಿದ್ದುಹೋಗಿತ್ತು. ಇನ್ನು ಇದು ನನ್ನದೇ ಹೆಡ್ ಅನ್ನೋಕೆ ಒಂದು ಗುರುತೂ ಉಳಿಯಲಿಲ್ಲ. ಹಾಗಾಗಿ ಅವರು ಟೀ ತರಿಸಿ ಕೊಟ್ಟಾಗಲೂ ಹೆಡ್ಡನ್ನು ತೊಡೆ ಮೇಲಿಂದ ಕೆಳಗಿಡಲಿಲ್ಲ.