ಕೋಪದ ಕಾಯಿಲೆ ಎಂದವನ ರುಜು

ಜೊಂಗ್ರೆಗೆ ಅರವತ್ತೊಂದು. ಟೊಂಗ್ಯೊಂಗಿನ ಬಂದರಿನ ಶೆಡ್ಡಿನಲ್ಲಿ ಮೂವತ್ತು ಚಳಿಗಾಲ ನಿಂತೇ ಚೂರಿಯಿಂದ ಸಿಂಪಿಯ ಚಿಪ್ಪು ತೆರೆದು ಮಾಂಸ ಬಿಡಿಸಿದವಳು. ಅವಳ ಬಾಯಿಗೆ ಶೆಡ್ಡಿನ ಯಜಮಾನನೂ ಹೆದರುತ್ತಿದ್ದ. ಅಂಥವಳು ಈ ಜನವರಿಯಿಂದ ಬಾಯಿ ಬಿಟ್ಟಿರಲಿಲ್ಲ. ಆ ತಿಂಗಳು, ಅವಳ ಎಡಗಡೆ ನಿಲ್ಲುತ್ತಿದ್ದ ಬುನಿಮ್, ಚೂರಿ ಹಿಡಿದ ಕೈಯಲ್ಲೇ ಚಿಪ್ಪಿನ ರಾಶಿಯ ಮೇಲೆ ಬಿದ್ದು ಸತ್ತಿದ್ದಳು.

ಅದಕ್ಕೆ ಮೊದಲು ಸರ್ಕಾರಿ ತಪಾಸಣೆಯಲ್ಲಿ ಬುನಿಮ್‌ಳ ಇಸಿಜಿ ಚೀಟಿಯ ಮೇಲೆ ‘ಅಸ್ಪಷ್ಟ’ ಎಂದು ಬಂದಿತ್ತು. ಊರಿನ ಡಾಕ್ಟರ್ ಪ್ಯೋ ಅದನ್ನು ನೋಡಿ ಹ್ವಾಬ್ಯೊಂಗ್ ಎಂದಿದ್ದ. ಗಂಡನ ಮೇಲೆ, ಅತ್ತೆಯ ಮೇಲೆ ನುಂಗಿಕೊಂಡ ಕೋಪ ಎದೆಯಲ್ಲಿ ಗಂಟಾಗುವ ಕಾಯಿಲೆ ಅದು. ನಮ್ಮ ಕಡೆ ಯಾವ ಹೆಂಗಸನ್ನು ಕೇಳಿದರೂ ತನಗಿದೆ ಎನ್ನುತ್ತಾಳೆ. ನಿದ್ದೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದ ಪುಣ್ಯಾತ್ಮ.

ಮಾರ್ಚಿನಲ್ಲಿ ಜೊಂಗ್ರೆಯ ಚೀಟಿಯಲ್ಲೂ ಅದೇ ಪದ ಬಂತು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆಯಿಂದ ದವಡೆಯವರೆಗೂ ನೋವು. ನೆಟ್ಟಗೆ ಪ್ಯೋನ ಹತ್ತಿರ ಹೋದಳು.

“ಗಂಡನ ಜೊತೆ ಜಗಳವಾ ಅಮ್ಮ?” ಎಂದ ಪ್ಯೋ.

“ಅವನು ಸತ್ತು ಒಂಬತ್ತು ವರ್ಷ ಆಯ್ತು.”

“ಹಾಗಾದ್ರೆ ಸೊಸೆ ಜೊತೆ?”

“ನನಗೆ ಸೊಸೇನೇ ಇಲ್ಲ.”

“ನೋಡಿ, ಒಂಟಿತನ! ಅದೇ ಕೋಪ ಆಗಿ ಎದೇಲಿ ಕೂತಿದೆ.”

“ಅಸ್ಪಷ್ಟ ಅಂದ್ರೆ ಏನು ಡಾಕ್ಟ್ರೇ? ಅದನ್ನ ಹೇಳಿ.”

“ಏನೂ ಇಲ್ಲ ಅಂತ.” ಪೆನ್ನು ಆಗಲೇ ನಿದ್ದೆ ಮಾತ್ರೆ ಬರೆಯುತ್ತಿತ್ತು.

ಜೊಂಗ್ರೆಗೆ ಮೈಯೆಲ್ಲ ಉರಿದುಹೋಯಿತು. ಇವನನ್ನು ಸುಮ್ಮನೆ ಬಿಡಬಾರದು ಎಂದು ಅವತ್ತೇ ನಿಶ್ಚಯ ಮಾಡಿದಳು. ಮರುದಿನ ಶೆಡ್ಡಿನಲ್ಲಿ, “ಯಾರ್ಯಾರ ಹತ್ರ ಇಂಥ ಚೀಟಿ ಇದೆ ಕಣ್ರೇ?” ಎಂದು ಕೂಗಿದಳು. ಆರು ಕೈ ಎದ್ದವು. ಆರು ಜನಕ್ಕೂ ಅದೇ ಮಾತ್ರೆ!

ಶನಿವಾರ ಬೆಳಿಗ್ಗೆ ಏಳೂ ಜನ ರಬ್ಬರ್ ಬೂಟು, ಸಿಂಪಿ ನಾರುವ ಏಪ್ರನ್ನಿನಲ್ಲೇ ಪ್ಯೋನ ಆಸ್ಪತ್ರೆಗೆ ನುಗ್ಗಿದರು. ಕಾಯುತ್ತಿದ್ದವರು ಮೂಗು ಮುಚ್ಚಿಕೊಂಡು ಜಾಗ ಬಿಟ್ಟರು. ಜೊಂಗ್ರೆ ಏಳು ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು.

“ಎದೇಲಿ ಏನೂ ಕಾಯಿಲೆ ಇಲ್ಲ ಅಂತ ಒಂದೊಂದರ ಮೇಲೂ ಬರೆದು ಮೊಹರು ಹಾಕಿ. ಸುಮ್ಮನೆ ಎದ್ದು ಹೋಗ್ತೀವಿ.”

“ಅದು ಹಾಗೆಲ್ಲ ಬರೆಯೋಕೆ ಆಗಲ್ಲಮ್ಮ. ಇನ್ನೂ ಪರೀಕ್ಷೆ ಬೇಕಾಗುತ್ತೆ...”

“ಬಾಯಲ್ಲಿ ಹೇಳೋಕೆ ಆಗುತ್ತೆ, ಬರೆಯೋಕೆ ಆಗಲ್ವಾ?” ಎಂದಳು ಹಿಂದೆ ನಿಂತಿದ್ದ ಒಬ್ಬಳು. ಉಳಿದವರು ಘೊಳ್ಳೆಂದು ನಕ್ಕರು. ಪ್ಯೋನ ಮುಖ ಕೆಂಪೇರಿತು. ಏಳು ಜನಕ್ಕೂ ಜಿಂಜುವಿನ ದೊಡ್ಡಾಸ್ಪತ್ರೆಗೆ ಕಾಗದ ಬರೆದುಕೊಟ್ಟ.

ಅಲ್ಲಿ ಐದು ಜನರ ಎದೆ ಗಟ್ಟಿಯಾಗಿದೆ ಎಂದಾಯಿತು. ಒಬ್ಬಳ ಬಡಿತ ತಪ್ಪುತ್ತಿತ್ತು, ಮಾತ್ರೆ ಕೊಟ್ಟರು. ಜೊಂಗ್ರೆಯ ಎರಡು ರಕ್ತನಾಳಗಳು ಮುಚ್ಚಿಹೋಗುವುದರಲ್ಲಿದ್ದವು. ಸ್ಟೆಂಟು ಹಾಕಿದ ಡಾಕ್ಟರಮ್ಮ, “ಬೇಸಿಗೆವರೆಗೆ ಉಳೀತಿರಲಿಲ್ಲ ನೀವು” ಎಂದು ಬೈದಳು. ಹಾಗಾದರೆ ಸಮಯಕ್ಕೆ ಇಲ್ಲಿಗೆ ಬಂದಿದ್ದರೆ ಬುನಿಮ್ ಕೂಡ ಉಳಿಯುತ್ತಿದ್ದಳು! ಜೊಂಗ್ರೆ ಗೋಡೆಗೆ ಮುಖ ಮಾಡಿ ಗಳಗಳನೆ ಅತ್ತಳು.

ಊರಿಗೆ ಬಂದವಳೇ ಬುನಿಮ್‌ಳ ಮಗಳಿಂದ ಆ ಹಳೆಯ ಚೀಟಿ ಇಸಿದುಕೊಂಡು ಮತ್ತೆ ಪ್ಯೋನ ಎದುರು ಕೂತಳು.

“ವಾಸಿಯಾಯ್ತಲ್ಲ ಅಮ್ಮ. ಇನ್ನಾದ್ರೂ ಕೋಪ ಬಿಡಿ,” ಎಂದ ಅವನು, ನಗಲು ಪ್ರಯತ್ನಿಸುತ್ತ.

“ಬಿಡಲ್ಲ. ‘ಬುನಿಮ್‌ಗಿದ್ದದ್ದು ಎದೆ ಕಾಯಿಲೆ, ನಾನು ನೋಡದೆ ಕಳಿಸಿದೆ’ ಅಂತ ಇದರ ಮೇಲೆ ಬರೀರಿ. ನೀವು ಬರೆಯೋ ತನಕ ಶೆಡ್ಡಿನವರು ದಿನಾ ಒಬ್ಬೊಬ್ಬರು ಬಂದು ಇಲ್ಲೇ ಕೂರ್ತಾರೆ. ಬಂದ ರೋಗಿಗಳಿಗೆಲ್ಲ ಬುನಿಮ್ ಕಥೆ ಹೇಳ್ತಾರೆ.”

ಪ್ಯೋ ಬಾಗಿಲಾಚೆ ನೋಡಿದ. ಏಪ್ರನ್ ತೊಟ್ಟವಳೊಬ್ಬಳು ಆಗಲೇ ಬೆಂಚಿನ ಮೇಲಿದ್ದಳು. ಚೀಟಿ ಎಳೆದುಕೊಂಡು ಬರೆದು ರುಜು ಹಾಕಿದ.

“ತಾಳಿ. ಕೆಳಗೆ ಇನ್ನೊಂದು ಹೆಸರು ಬರೀರಿ. ಜೊಂಗ್ರೆ ಅಂತ.” ಅವಳು ಚೀಟಿಯ ಮೇಲೆ ಬೆರಳಿಟ್ಟು ಜಾಗ ತೋರಿಸಿದಳು. ಮುಂದಿನ ಮಾತನ್ನು ಅವಳು ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. “ಬುನಿಮ್ ಎದೆ ಹಿಡ್ಕೊಂಡು ಮೊದಲು ನನ್ನ ಹತ್ರ ಬಂದಿದ್ಲು. ಗಂಡನ ಮೇಲಿನ ಕೋಪ ಕಣೇ, ಹೋಗಿ ನಾಲ್ಕು ಪಾತ್ರೆ ಕುಕ್ಕು, ಸರಿಹೋಗುತ್ತೆ ಅಂತ ನಕ್ಕೋಳು ನಾನು.”

“ನೀವೇನು ಡಾಕ್ಟರ್ ಅಲ್ಲವಲ್ಲ ಅಮ್ಮ,” ಎಂದ ಪ್ಯೋ ಮೆಲ್ಲಗೆ.

“ಅದಕ್ಕೇ ಕೆಳಗೆ ಬರೀರಿ ಅಂದಿದ್ದು. ಮೇಲೆ ನಿಮ್ಮದೇ ಇರಲಿ.”

ಎರಡೂ ಹೆಸರು ಬರೆದ ಆ ಚೀಟಿಯನ್ನು ಅವನು ಹೊರಗಿನ ಗೋಡೆಗೆ ಅಂಟಿಸುವವರೆಗೂ ಅವಳು ಕುರ್ಚಿಯಿಂದ ಏಳಲಿಲ್ಲ.