ಸೂಜಿಯಮ್ಮ ಕೈ ಎತ್ತದ ದಿನ

ಕಂಪನಿಯಲ್ಲಿ ಎಲ್ಲರೂ ಆಕೆಯನ್ನು ಸೂಜಿಯಮ್ಮ ಅನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆಕೆಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಮದುವೆಗೆ ಮುಂಚಿನಿಂದಲೂ ಒಂದು ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳ ರಕ್ತ ತೆಗೆಯುವುದೇ ಆಕೆಯ ಕೆಲಸ. ಚುಚ್ಚಿದ್ದು ಗೊತ್ತೇ ಆಗುವುದಿಲ್ಲ ಎಂದು ಜನ ಸರದಿ ಬಿಟ್ಟುಕೊಟ್ಟು ಆಕೆಗಾಗಿ ಕಾಯುತ್ತಿದ್ದರಂತೆ. ಮಾತಿನಲ್ಲಿ ಮಾತ್ರ ಅಷ್ಟು ನಯವಿರಲಿಲ್ಲ. ಹೆಸರು ಎರಡಕ್ಕೂ ಸಲ್ಲುತ್ತಿತ್ತು.

ನಾನು ಆ ಕಂಪನಿಯ ಆಡಳಿತ ಮಂಡಳಿಯ ಕಾರ್ಯದರ್ಶಿಯಾಗಿದ್ದವನು. ಸಭೆಯಲ್ಲಿ ಜಗಳವಾದರೆ ‘ವಿವರವಾಗಿ ಚರ್ಚಿಸಲಾಯಿತು’ ಎಂದೂ, ಭಾರೀ ಜಗಳವಾದರೆ ‘ದೀರ್ಘವಾಗಿ ಚರ್ಚಿಸಲಾಯಿತು’ ಎಂದೂ ಬರೆಯುವುದು ನನ್ನ ಕಸುಬು. ಹಾಗಾಗಿ ಈಗ ಹೇಳುವುದರಲ್ಲಿ ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ಆಕೆಯೇ ನನಗೆ ಹೇಳಿದರು.

ಕಂಪನಿ ಶುರುವಾದದ್ದು ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಸೂಜಿಯಮ್ಮನ ಗಂಡ ಜೀವರಸಾಯನ ಓದಿದವರು. ಬೆರಳ ತುದಿಯ ಒಂದು ಹನಿ ರಕ್ತವನ್ನು ಕಾಗದದ ಪಟ್ಟಿಯ ಮೇಲೆ ಹಾಕಿದರೆ ಮೂತ್ರಪಿಂಡ ಕೆಡುತ್ತಿದೆಯೋ ಇಲ್ಲವೋ ತಿಳಿಯಬೇಕು, ಊರೂರಿನ ದವಾಖಾನೆಯಲ್ಲೂ ತಿಳಿಯಬೇಕು ಎಂಬುದು ಅವರ ಹಟ. ಅವರ ತಮ್ಮ ವ್ಯಾಪಾರ ಬಲ್ಲವರು. ಒಬ್ಬರು ಪಟ್ಟಿ ಮಾಡಿದರು, ಇನ್ನೊಬ್ಬರು ಮಾರಿದರು. ಇಬ್ಬರಿಗೂ ಬೇಕಾದ ರಕ್ತವನ್ನು ಸೂಜಿಯಮ್ಮ ಒದಗಿಸಿದರು. ಮೊದಮೊದಲು ತಮ್ಮದೇ, ಆಮೇಲೆ ನೆರೆಹೊರೆಯವರದು, ನೆಂಟರದು. ಅವರ ಮನೆಗೆ ಬಂದ ನೆಂಟರು ಬೆರಳಿಗೆ ಹತ್ತಿ ಒತ್ತಿಕೊಳ್ಳದೆ ವಾಪಸು ಹೋಗಿದ್ದಿಲ್ಲ ಎಂದು ಈಗಲೂ ನಗುತ್ತಾರೆ.

ಕಂಪನಿ ಬೆಳೆಯಿತು. ಸ್ವಂತ ಕಟ್ಟಡ ಬಂತು, ಬಂಡವಾಳ ಹಾಕುವವರು ಬಂದರು, ಅವರ ಜೊತೆಗೆ ಆಡಳಿತ ಮಂಡಳಿಯೂ ಬಂತು. ಅಣ್ಣ ಅಧ್ಯಕ್ಷರಾದರು. ನೌಕರರ ಬಾಯಲ್ಲಿ ಅವರು ದೊಡ್ಡವರು, ತಮ್ಮ ಚಿಕ್ಕವರು. ಮೊದಲ ದಿನದಿಂದ ಜೊತೆಗಿದ್ದವರೆಂದು ಸೂಜಿಯಮ್ಮನಿಗೂ ಒಂದು ಕುರ್ಚಿ ಸಿಕ್ಕಿತು. ಆಕೆ ಸಭೆಯಲ್ಲಿ ಮಾತಾಡುತ್ತಿದ್ದದ್ದು ಕಡಿಮೆ.

ದೊಡ್ಡವರಿಗೆ ಎಪ್ಪತ್ತು ತುಂಬುವ ಹೊತ್ತಿಗೆ ಕೈ ನಡುಗಲು ಶುರುವಾಗಿತ್ತು. ತಲೆ ಚುರುಕಾಗಿಯೇ ಇತ್ತು. ಆಗ ರಕ್ತಪರೀಕ್ಷೆಯ ಹೊಸ ಪಟ್ಟಿಯೊಂದು ಸಿದ್ಧವಾಗಿತ್ತು. ಇನ್ನೊಂದು ಬೇಸಿಗೆ ಪರೀಕ್ಷೆ ಮಾಡಿ ನೋಡೋಣ ಎಂದು ದೊಡ್ಡವರು ಹೇಳಿದರು. ಬಂಡವಾಳದವರ ತಾಳ್ಮೆ ಮುಗಿದಿತ್ತು. ಚಿಕ್ಕವರು ಮಂಡಳಿಯ ಮುಂದೆ ಒಂದು ಹೊಸ ನಿಯಮ ತಂದರು. ಎಪ್ಪತ್ತು ದಾಟಿದವರು ಅಧ್ಯಕ್ಷರಾಗಿ ಮುಂದುವರಿಯಬಾರದು. ಮಂಡಳಿಯ ಉಳಿದ ಸದಸ್ಯರೆಲ್ಲರೂ, ಒಬ್ಬರೂ ತಪ್ಪದೆ, ಒಪ್ಪಿದರೆ ಮಾತ್ರ ವಿನಾಯಿತಿ. ಒಳ್ಳೆಯ ಕಂಪನಿಗಳಲ್ಲೆಲ್ಲ ಹೀಗೇ ಇದೆ ಎಂದರು. ದೊಡ್ಡವರೇ ಅದಕ್ಕೆ ಸಹಿ ಹಾಕಿದರು. ತಮ್ಮ ತಂದದ್ದು, ಇನ್ನೇನು ನೋಡುವುದು.

ಮುಂದಿನ ಸಭೆಯಲ್ಲಿ ವಿನಾಯಿತಿಯ ಮಾತು ಬಂತು. ಬಂಡವಾಳದವರ ಪ್ರತಿನಿಧಿಯೂ ಸಂಕೋಚಕ್ಕೆ ಬಿದ್ದು ಕೈ ಎತ್ತಿದ. ಸೂಜಿಯಮ್ಮ ಎತ್ತಿದರು. ಚಿಕ್ಕವರ ಕೈ ಮಾತ್ರ ಮೇಜಿನ ಮೇಲಿತ್ತು. ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು, ತೆಗೆಯುವುದು, ಹಾಕುವುದು. ದೊಡ್ಡವರು ತಮ್ಮನ ಮುಖ ನೋಡಿ, ಅರ್ಥ ಮಾಡಿಕೊಂಡು, ಕುರ್ಚಿ ಹಿಂದೆ ಸರಿಸಿ ಎದ್ದರು. “ಅಣ್ಣನಿಗೆ ವಿಶ್ರಾಂತಿ ಬೇಕು,” ಎಂದು ಚಿಕ್ಕವರು ಮೇಜಿಗೆ ಹೇಳಿದರು. ನಾನು ‘ವಿವರವಾಗಿ ಚರ್ಚಿಸಲಾಯಿತು’ ಎಂದು ಬರೆದೆ. ಬೇರೆ ಯಾರೂ ತುಟಿ ಪಿಟಕ್ಕೆಂದಿರಲಿಲ್ಲ.

ಹೊಸ ಪಟ್ಟಿ ಮಾರುಕಟ್ಟೆಗೆ ಹೋಯಿತು. ಇದನ್ನೂ ಹೇಳಲೇಬೇಕು: ಅದು ಚೆನ್ನಾಗಿಯೇ ಕೆಲಸ ಮಾಡಿತು. ಚಿಕ್ಕವರ ಅಂದಾಜು ಸರಿಯಾಗಿತ್ತು. ಅಧ್ಯಕ್ಷರಾಗಿ ಅವರು ಕಂಪನಿಯನ್ನು ಬೆಳೆಸಿದರು, ಯಾರ ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ. ನನಗೂ ಒಳ್ಳೆಯದನ್ನೇ ಮಾಡಿದರು.

ಸೂಜಿಯಮ್ಮ ಸೇಡಿನ ನಿರ್ಧಾರ ಮಾಡಿದ್ದು ಆ ಸಭೆಯ ದಿನವಲ್ಲ. ಅವತ್ತು ಬರೀ ಅತ್ತರಂತೆ. ಕೆಲವು ತಿಂಗಳ ಮೇಲೆ ದೊಡ್ಡವರು ಒಂದು ಬೆಳಿಗ್ಗೆ ಅಡ್ಡಾಡುತ್ತ ಕಂಪನಿಯ ಕಡೆ ಹೋದರು. ಗೇಟಿನಲ್ಲಿ ಹೊಸ ಕಾವಲುಗಾರ. ಯಾರನ್ನು ನೋಡಬೇಕು ಎಂದು ಕೇಳಿದ. ಒಳಗೆ ದೊಡ್ಡವರು ನೋಡಬೇಕಾದವರು ಯಾರೂ ಇರಲಿಲ್ಲ, ನೋಡಬೇಕಾದದ್ದು ಆ ಕಟ್ಟಡವನ್ನೇ. ಯಾರೂ ಇಲ್ಲಪ್ಪಾ ಎಂದು ಹೇಳಿ ತಿರುಗಿ ಬಂದರು. ಮನೆಯಲ್ಲಿ ಇದನ್ನು ಒಂದು ತಮಾಷೆಯ ಹಾಗೆ ಹೇಳಿದರು. ಅಂದಿನಿಂದ ಆ ರಸ್ತೆಯಲ್ಲಿ ಕಾಲಿಡಲಿಲ್ಲ. ಹಳೆಯ ಸೂಕ್ಷ್ಮದರ್ಶಕಗಳನ್ನು ಗುಜರಿಯಿಂದ ತಂದು ಮುಂದಿನ ಕೋಣೆಯಲ್ಲಿ ಬಿಚ್ಚಿ ಜೋಡಿಸುತ್ತ ಕೂತರು.

ಗಂಡ ತಮಾಷೆ ಮಾಡಿ ಮುಗಿಸಿದ್ದು ಹೆಂಡತಿಯ ಎದೆಯಲ್ಲಿ ಕೆಂಡವಾಗಿ ಕೂತಿತು. ಮೈದುನನಿಗೂ ಒಂದು ದಿನ ಎಪ್ಪತ್ತಾಗುತ್ತದೆ ಎಂದು ಆಕೆಗೆ ಹೊಳೆದದ್ದು ಆಗಲೇ. ಹತ್ತಿರ ಹತ್ತಿರ ಹತ್ತು ವರ್ಷ ಕಾಯಬೇಕಿತ್ತು. ಕಾದರು.

ಆ ಕಾಯುವಿಕೆಯನ್ನು ನೋಡಿದವರಿಗೆ ಅದು ಕಾಯುವಿಕೆ ಅಂತ ಗೊತ್ತಾಗುವಂತಿರಲಿಲ್ಲ. ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಮೈದುನ ತಂದ ಎಲ್ಲ ಪ್ರಸ್ತಾಪಕ್ಕೂ ಕೈ ಎತ್ತಿದರು. ಓರಗಿತ್ತಿಯ ಜೊತೆ ಪೇಟೆಗೆ ಹೋದರು, ಅವರ ಮಗಳ ಹೆರಿಗೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಕೂತರು. ಹೊಸ ಸದಸ್ಯರು ಬಂದಾಗಲೆಲ್ಲ ಚಿಕ್ಕವರು “ಇವರು ನಮ್ಮ ಅತ್ತಿಗೆ, ಈ ಕಂಪನಿಯ ತಾಯಿ ಇದ್ದ ಹಾಗೆ,” ಎಂದು ಪರಿಚಯಿಸುತ್ತಿದ್ದರು. ತಾಯಿ ತಲೆಯಾಡಿಸುತ್ತಿದ್ದರು. ದೊಡ್ಡವರು ಷೇರುಗಳನ್ನೆಲ್ಲ ಹೆಂಡತಿಯ ಹೆಸರಿಗೆ ಮಾಡಿಬಿಟ್ಟಿದ್ದರು. ಮಾರುವುದಿದ್ದರೆ ಹೇಳಿ ಎಂದು ಎಷ್ಟೋ ಜನ ಕೇಳಿದರು. ಒಂದನ್ನೂ ಮಾರಲಿಲ್ಲ.

ಚಿಕ್ಕವರಿಗೆ ಸೂಜಿ ಕಂಡರೆ ಪ್ರಾಣಭಯ. ಸಾವಿರಾರು ಜನರ ರಕ್ತದಿಂದ ಬೆಳೆದ ಕಂಪನಿಯ ಅಧ್ಯಕ್ಷರು, ತಮ್ಮ ತೋಳು ಚಾಚಬೇಕಾದಾಗ ಬೆವರುತ್ತಿದ್ದರು. ವರ್ಷದ ತಪಾಸಣೆಗೆ ಅತ್ತಿಗೆಯೇ ಬೇಕು. ಆಕೆ ಅವರ ಮನೆಗೆ ಹೋಗಿ, ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ, ಮೆಲ್ಲಗೆ ಚುಚ್ಚಿ ರಕ್ತ ತೆಗೆಯುತ್ತಿದ್ದರು. ಒಮ್ಮೆ ಚಿಕ್ಕವರು ಕಣ್ಣು ಮುಚ್ಚಿಕೊಂಡೇ ಹೇಳಿದರಂತೆ: “ಅತ್ತಿಗೆ, ಇಷ್ಟು ವರ್ಷದಲ್ಲಿ ನನ್ನನ್ನ ನೋಯಿಸದೇ ಇರೋರು ಅಂದ್ರೆ ನೀವೊಬ್ಬರೇ.”

ಆಕೆ ಹತ್ತಿ ಒತ್ತಿ, “ಮಡಚಿ ಹಿಡ್ಕೊಳ್ಳಿ,” ಎಂದರಂತೆ. ಇದನ್ನು ನನಗೆ ಹೇಳುವಾಗ ಆಕೆಯ ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ. ಆ ಕ್ಷಣ ಎಷ್ಟು ಸಿಹಿಯಾಗಿತ್ತು ಅಂತ ನಿನಗೆ ಗೊತ್ತಾಗಲ್ಲ ಬಿಡು ಎಂದರು.

ಕೊನೆಗೆ ಚಿಕ್ಕವರಿಗೂ ಎಪ್ಪತ್ತಾಗಿ ಆ ದಿನ ಬಂತು. ಬೆಳಿಗ್ಗೆ ಆಕೆ ಹೊರಡುವಾಗ ದೊಡ್ಡವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. ಅವರು ಹೆಂಡತಿಯನ್ನು ಓದಬಲ್ಲವರು. ಸುಮ್ಮನೆ ಕೈ ಎತ್ತಿಬಿಡು ಎಂದರು. ಅವನಿಗೆ ಆ ಕುರ್ಚಿ ಬಿಟ್ಟರೆ ಬೇರೇನೂ ಇಲ್ಲ ಎಂದರು. ಆಕೆ ಅನ್ನ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಊಟ ಮಾಡಿ ಎಂದು ಹೇಳಿ ಚಪ್ಪಲಿ ಮೆಟ್ಟಿದರು.

ಸಭೆಯ ಕೋಣೆ ಮೂರನೇ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ, ಗೋಡೆಯ ಮೇಲೆ ಸೈಕಲ್ ಅಂಗಡಿಯ ಹಳೆಯ ಫೋಟೋ. ಒಬ್ಬ ವೈದ್ಯರು, ಒಬ್ಬ ವಕೀಲರು, ಬಂಡವಾಳದವರ ಕಡೆಯಿಂದ ಬ್ಯಾಂಕಿನಲ್ಲಿ ದುಡಿದ ಒಬ್ಬ ಹೆಂಗಸು, ಸೂಜಿಯಮ್ಮ, ಚಿಕ್ಕವರು. ವಿನಾಯಿತಿಯ ವಿಷಯವನ್ನು ಚಿಕ್ಕವರು ಓದಿಯೂ ಓದದ ಹಾಗೆ ದಾಟಿಸಿ, ಮುಂದಿನ ಹಾಳೆಗೆ ಬೆರಳು ಇಟ್ಟಿದ್ದರು. ಕೈಗಳು ಮೇಲೆದ್ದವು. ನಾನು ಎಣಿಸಿ, ಮತ್ತೆ ಎಣಿಸಿದೆ.

“ಅತ್ತಿಗೆ, ಕೈ,” ಎಂದರು ಚಿಕ್ಕವರು, ನಗುತ್ತಲೇ. ನಿದ್ದೆ ಹೋಗಿದ್ದಾರೆ ಅಂದುಕೊಂಡಿರಬೇಕು.

“ನನ್ನ ಕೈ ಎಲ್ಲಿದೆಯೋ ಅಲ್ಲೇ ಇರಲಿ,” ಎಂದರು ಸೂಜಿಯಮ್ಮ.

ಎತ್ತಿದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಹಾಗೇ ಗಾಳಿಯಲ್ಲಿ ನಿಂತವು. ವೈದ್ಯರು ಮೊದಲು ಇಳಿಸಿದರು. ಕಂಪನಿಗೆ ಇವರು ಬೇಕಲ್ಲವೇ ಎಂದು ಬ್ಯಾಂಕಿನಾಕೆ ಮೆಲ್ಲಗೆ ಕೇಳಿದರು. ಸೂಜಿಯಮ್ಮ ಎಲ್ಲವನ್ನೂ ಒಪ್ಪಿದರು. ಮೈದುನ ಕಂಪನಿಯನ್ನು ಚೆನ್ನಾಗಿ ನಡೆಸಿದ್ದಾರೆ, ಅವರ ಆರೋಗ್ಯ ಚೆನ್ನಾಗಿದೆ, ಅವರ ರಕ್ತ ತೆಗೆದವಳು ನಾನೇ ಎಂದರು. ಆದರೂ ಕೈ ಎತ್ತುವುದಿಲ್ಲ, ಕಾರಣ ಹೇಳಬೇಕೆಂದು ನಿಯಮದಲ್ಲಿ ಇಲ್ಲ ಎಂದರು. ನಿಯಮವನ್ನೇ ಬದಲಾಯಿಸಬಹುದೇ ಎಂದು ವೈದ್ಯರು ಕೇಳಿದಾಗ, ವಕೀಲರು ತಲೆ ಕೆರೆದುಕೊಂಡು, ಅದಕ್ಕೆ ಷೇರುದಾರರ ಸಭೆ ಬೇಕು, ಅಲ್ಲೂ ಇವರ ಪಾಲಿಲ್ಲದೆ ಆಗುವುದಿಲ್ಲ ಎಂದರು. ಆಮೇಲೆ, ಚಹಾ ಕುಡಿಯೋಣ ಎಂದು ಎದ್ದರು.

ಕಾರಿಡಾರಿನ ಕಿಟಕಿಯ ಬಳಿ ಚಿಕ್ಕವರು ಅತ್ತಿಗೆಯನ್ನು ತಡೆದರು. ನಾನು ಎರಡು ಹೆಜ್ಜೆ ಆಚೆ ಕಾಗದ ಹಿಡಿದು ನಿಂತಿದ್ದೆ. ಅವರು ನನ್ನನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

“ಅವತ್ತಿನದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀರಾ?”

“ಇಟ್ಕೊಂಡಿಲ್ಲ. ಸಾಕಿದ್ದೀನಿ.”

“ಅಣ್ಣ ಯಾವತ್ತೋ ನನ್ನನ್ನ ಕ್ಷಮಿಸಿಬಿಟ್ಟ.”

“ಅದು ಅವರ ದೊಡ್ಡತನ. ನಾನು ಅವರ ಪರವಾಗಿ ಬಂದಿಲ್ಲ. ನನ್ನ ಪರವಾಗಿ ಬಂದಿದ್ದೀನಿ.”

ಚಿಕ್ಕವರು ಕಿಟಕಿಯ ಚೌಕಟ್ಟು ಹಿಡಿದುಕೊಂಡರು. ಕೆಳಗೆ ಲಾರಿಗೆ ಪೆಟ್ಟಿಗೆ ತುಂಬುತ್ತಿದ್ದರು. “ಇದನ್ನ ಬಿಟ್ರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ, ಅತ್ತಿಗೆ?” ಎಂದರು.

“ಆ ಪ್ರಶ್ನೆ ನಮ್ಮ ಮನೇಲೂ ಒಬ್ಬರಿಗೆ ಬಂದಿತ್ತು,” ಎಂದು ಆಕೆ ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಚಹಾ ಪೂರ್ತಿ ಕುಡಿದರು.

ಅಷ್ಟೇ. ಬ್ಯಾಂಕಿನಾಕೆ ಅಧ್ಯಕ್ಷರಾದರು. ನೀವೇ ಕೂರಿ ಎಂದು ವಕೀಲರು ಸೂಜಿಯಮ್ಮನಿಗೆ ಹೇಳಿದ್ದುಂಟು, ಅರ್ಧ ವ್ಯಂಗ್ಯದಲ್ಲಿ. ಆ ಕುರ್ಚಿ ನನಗೆ ಬೇಕಾಗಿರಲಿಲ್ಲ, ಅದು ಖಾಲಿಯಾಗೋದು ಬೇಕಿತ್ತು ಎಂದು ಆಕೆ ನೇರವಾಗಿಯೇ ಉತ್ತರಿಸಿದರು. ಚಿಕ್ಕವರು ತಮ್ಮ ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೋದರು. ನಾನೇ ಓಡಿಹೋಗಿ ಕಾರಿನ ಕಿಟಕಿಯಲ್ಲಿ ಕೊಟ್ಟೆ. ಅವರು ನನ್ನ ಗುರುತೇ ಇಲ್ಲದವರ ಹಾಗೆ ತೆಗೆದುಕೊಂಡರು.

ಕಾರ್ಖಾನೆಯಲ್ಲಿ ಆಕೆಯ ಮೇಲೆ ಸಿಟ್ಟಾದವರೇ ಹೆಚ್ಚು. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಓರಗಿತ್ತಿ ಫೋನು ಮಾಡಿ, ನನ್ನ ಮಗಳ ಹೆರಿಗೆಯಲ್ಲಿ ಕೂತದ್ದೂ ನಾಟಕವೇ ಎಂದು ಕೇಳಿದರು. ಅಲ್ಲ, ಅದು ನಿಜ, ಇದೂ ನಿಜ ಎಂದರಂತೆ ಸೂಜಿಯಮ್ಮ. ಇನ್ನು ನಮ್ಮ ಮನೆಯ ಹೊಸ್ತಿಲು ತುಳಿಯಬೇಡಿ ಎಂದು ಓರಗಿತ್ತಿ ಫೋನು ಇಟ್ಟರು. ಆಕೆ ತುಳಿದಿಲ್ಲ. ದೊಡ್ಡವರು ವಾರಗಟ್ಟಲೆ ಹೆಂಡತಿಯ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಅದಕ್ಕೂ ಆಕೆ ಸಿದ್ಧರಾಗಿದ್ದರು.

ಸಿದ್ಧರಾಗಿರದಿದ್ದದ್ದು ಇನ್ನೊಂದಕ್ಕೆ. ಒಂದು ಮಧ್ಯಾಹ್ನ ತರಕಾರಿ ತಂದು ಮನೆಗೆ ಬಂದರೆ, ಬಾಗಿಲಲ್ಲಿ ಗಂಡನ ಚಪ್ಪಲಿಯ ಪಕ್ಕ ಹೊಳೆಯುವ ಬೂಟು. ಮುಂದಿನ ಕೋಣೆಯಲ್ಲಿ ಅಣ್ಣತಮ್ಮ ಇಬ್ಬರೂ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದರು. ನಡುಗುವ ಕೈಗೆ ಸಿಗದ ತಿರುಪನ್ನು ತಮ್ಮ ಹಾಕುತ್ತಿದ್ದರು. ತಪ್ಪು ಕಡೆ ತಿರುಗಿಸಿದ್ದಕ್ಕೆ ಅಣ್ಣ ಬೈಯುತ್ತಿದ್ದರು. ಏನೋ ಹಳೆಯ ಮಾತು ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡ ಹಾಗೆ ನಗುವುದನ್ನು ಆಕೆ ಸೈಕಲ್ ಅಂಗಡಿಯ ಕಾಲದ ನಂತರ ಕೇಳಿರಲಿಲ್ಲ. ಆಕೆಯನ್ನು ಕಂಡು ಚಿಕ್ಕವರು ಎದ್ದು ನಿಂತರು. ಆಕೆ ಚೀಲ ಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ತೆಳು, ನಗು ಕೇಳಿಸುತ್ತಲೇ ಇತ್ತು.

ಈಗ ಚಿಕ್ಕವರು ವಾರದಲ್ಲಿ ಮೂರು ನಾಲ್ಕು ದಿನ ಬರುತ್ತಾರೆ. ಆ ದಿನಗಳಲ್ಲಿ ಸೂಜಿಯಮ್ಮ ಬಸ್ಸು ಹತ್ತಿ ತಮ್ಮ ಅಕ್ಕನ ಮನೆಗೆ ಹೋಗಿ ಕೂರುತ್ತಾರೆ. ನಾನು ನಿವೃತ್ತನಾದ ಮೇಲೆ ಆಕೆಯನ್ನು ಕಂಡದ್ದು ಅಲ್ಲೇ. ಅಕ್ಕ ಒಳಗೆ ಮಲಗಿದ್ದರು. ಆಕೆ ಬಟಾಣಿ ಬಿಡಿಸುತ್ತ ಇದನ್ನೆಲ್ಲ ಹೇಳಿದರು.

“ಅವನನ್ನ ಮೂಲೆಗೆ ಕೂರಿಸ್ಬೇಕು ಅಂತ ಹೊರಟೆ,” ಎಂದರು. “ನಮ್ಮ ಮನೆ ಮೂಲೇಲೇ ಬಂದು ಕೂತ.”

ಹಾಗಾದರೆ ಆ ದಿನ ಕೈ ಎತ್ತಬೇಕಾಗಿತ್ತು ಅನ್ನಿಸುತ್ತದೆಯೇ ಎಂದು ಕೇಳಿದೆ. ಆಕೆ ಒಂದು ಹುಳುಕು ಬಟಾಣಿಯನ್ನು ಉಗುರಿನಿಂದ ಒಡೆದು ಪಕ್ಕಕ್ಕೆ ಹಾಕಿದರು.

“ಇಲ್ಲ,” ಎಂದರು. “ಇವತ್ತು ಸಭೆ ಇಟ್ರೂ ಎತ್ತಲ್ಲ. ಆದ್ರೆ ಇವರು ಅವನ ಜೊತೆ ನಗ್ತಾರಲ್ಲ, ಅದಕ್ಕೆ ಮಾತ್ರ ಯಾವ ನಿಯಮ ತರೋದು ಅಂತ ಗೊತ್ತಾಗ್ತಿಲ್ಲ.”

ಆಮೇಲೆ ಸಿಪ್ಪೆಯನ್ನೆಲ್ಲ ಹಳೆಯ ಕಾಗದದಲ್ಲಿ ಸುತ್ತಿ, ಇಷ್ಟು ಹೊತ್ತಿಗೆ ಹೋಗಿರುತ್ತಾನೆ ಎಂದು ಚೀಲ ಹುಡುಕತೊಡಗಿದರು.