ಬಟ್ಟೆಯಿಲ್ಲದೆ ಓಡಿದ ಮಷೀನು

ನಂಬಿಕೆ ಬಾರದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಕಟ್ಟುಕಥೆ ಅಂತ ಮಾತ್ರ ಅನ್ನಬೇಡಿ. ಇಲ್ಲದ್ದನ್ನು ಕಟ್ಟುವ ಶಕ್ತಿ ನನಗಿದ್ದಿದ್ದರೆ ನನ್ನ ಸಂಗೀತ ಇಷ್ಟು ಸಪ್ಪೆಯಾಗಿರುತ್ತಿರಲಿಲ್ಲ.

ಹೌದು, ಸಂಗೀತ. ರಾಯದುರ್ಗದ ಒಂದು ಜೀನ್ಸ್ ಗಾರ್ಮೆಂಟಿನಲ್ಲಿ ಬಟ್ಟೆ ಕತ್ತರಿಸುವವನು ನಾನು. ಸ್ವಂತ ಊರು ಮಡಕಶಿರಾ ಕಡೆ, ಗುಡಿಬಂಡೆ ಹತ್ತಿರ. ಅಲ್ಲಿ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ತಟ್ಟೆ ತುಂಬ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ದುಡಿಯಲು ರಾಯದುರ್ಗಕ್ಕೆ ಬಂದ ಮೇಲೆ ಆ ಸದ್ದು ಕಿವಿಯಿಂದ ಹೋಗಲೇ ಇಲ್ಲ. ಅದರ ಮೇಲೆ ಒಂದು ರಾಗ ಕಟ್ಟಬೇಕು ಅನ್ನಿಸಿತು. ಹುಚ್ಚು ಹತ್ತಿದ್ದು ಹಾಗೆ.

ಮೊಬೈಲ್ ಅಂಗಡಿಯ ಗೆಳೆಯ ಖಾಜಾ ಒಂದು ಹಳೇ ಕಂಪ್ಯೂಟರ್ ಕೊಡಿಸಿದ. ಅದರ ಸಹವಾಸ ಶತ್ರುವಿಗೂ ಬೇಡ! ಡೋಲು ಅಂತ ಒತ್ತಿದರೆ ಡಬ್ಬ ಬಡಿದಂತೆ, ಕೊಳಲು ಅಂತ ಒತ್ತಿದರೆ ಕುಕ್ಕರ್ ಕೂಗಿದಂತೆ. ರಾಗ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕೊನೆಗೆ ಒಂದು ಹಳೇ ಯುಪಿಎಸ್ ತಂದು ಕೂರಿಸಿದೆ.

ಏನು ಕೇಳಿಸಿದರೂ ಖಾಜಾ ತೆಲುಗಿನಲ್ಲಿ "ಬಾಗುಂದಿ, ಬಾಗುಂದಿ", ಚೆನ್ನಾಗಿದೆ ಅನ್ನುತ್ತಾ ಮೊಬೈಲ್ ಗಾಜು ಒರೆಸುತ್ತಿದ್ದ. ಒಂದು ದಿನ ತಡೆಯಲಾರದೆ ಬಾಯಿಬಿಟ್ಟ.

"ಸಿಟ್ಟು ಮಾಡ್ಕೋಬ್ಯಾಡ್ರಿ ಅಣ್ಣಾ. ತಾಳ ಐತಿ, ರಾಗ ಐತಿ. ಜೀವ ಇಲ್ರಿ ಅದರಾಗ."

ಮೈಯೆಲ್ಲ ಉರಿದುಹೋಯಿತು. ಅವನು ಹೇಳಿದ್ದು ನಿಜ ಅಂತ ನನಗೂ ಗೊತ್ತಿತ್ತಲ್ಲ!

ಆಗ ನನ್ನ ಹೆಂಡತಿ ರತ್ನಾಗೆ ಏಳು ತಿಂಗಳು. ಅವಳು ಗುಮ್ಮಘಟ್ಟದವಳು. ಒಳಕೋಣೆಯಲ್ಲಿ ಮೋಟಾರು ಮಷೀನಿಟ್ಟುಕೊಂಡು ಗಾರ್ಮೆಂಟಿನಿಂದ ಬರುವ ಪ್ಯಾಂಟು ಹೊಲಿಯುತ್ತಿದ್ದಳು. ಹಿಂದೆ ಎರಡು ಸಲ ನಮ್ಮ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಮನೆಯಲ್ಲಿ ಜೋರಾಗಿ ಸೀನುವುದಕ್ಕೂ ನಮಗೆ ಹೆದರಿಕೆ. ಇದೊಂದು ಉಳಿದರೆ ಸಾಕು ಅಂತ ಅವಳು ಹರಕೆ ಹೊರದ ದೇವರಿರಲಿಲ್ಲ.

ಒಂದು ದಿನ ನನಗೆ ಹೊಳೆಯಿತು. ಡಬ್ಬ ಡೋಲು ಯಾಕೆ? ಹೊಲಿಗೆ ಮಷೀನಿನ ಸದ್ದನ್ನೇ ತಾಳ ಮಾಡಿಕೊಂಡರೆ?

"ಬ್ಯಾಡ್ರಿ," ಅಂದಳು ರತ್ನಾ. "ಖಾಲಿ ತೊಟ್ಟಿಲ ತೂಗಬಾರ್ದು, ಖಾಲಿ ಮಷೀನ ಓಡಿಸಬಾರ್ದು. ಬೇಕಂದ್ರ ನಾನ ಪ್ಯಾಂಟ್ ಹೊಲೀತೀನಿ, ಅದನ್ನ ರೆಕಾರ್ಡ್ ಮಾಡ್ಕೊಳ್ರಿ."

"ಜೀನ್ಸ್ ಹಾಕಿದ್ರೆ ಸದ್ದು ಮಂದ ಆಗ್ತದೆ ಕಣೆ. ನಂಗೆ ಬರೀ ಮಷೀನು ಬೇಕು."

ನಮ್ಮ ಹೊಲಿಗೆಯವರಲ್ಲಿ ಇದೊಂದು ಶಾಸ್ತ್ರ. ಮಷೀನು ರಿಪೇರಿ ಮಾಡಿ ಓಡಿಸಿ ನೋಡುವಾಗಲೂ ಸೂಜಿಯ ಕೆಳಗೆ ಒಂದು ತುಂಡು ಚಿಂದಿಯಾದರೂ ಇಡುತ್ತಾರೆ. ನನಗೆ ಅದೆಲ್ಲ ಅಜ್ಜಿಕಥೆ.

ಅವತ್ತು ಸಂಜೆ ಕತ್ತಲಾದ ಮೇಲೆ ರತ್ನಾ ಧಾರಾವಾಹಿ ನೋಡಲು ಪಕ್ಕದ ಮನೆಗೆ ಹೋದಳು. ನಾನು ಮಷೀನಿನ ದಾರ ಕಿತ್ತೆ. ಬಟ್ಟೆಯನ್ನು ಅದುಮಿ ಹಿಡಿಯುವ ಪುಟ್ಟ ಕಾಲನ್ನು ಮೇಲಕ್ಕೆತ್ತಿದೆ. ಮೈಕು ಇಟ್ಟು, ತುಳಿಯುವ ಪೆಡಲಿನ ಮೇಲೆ ಒಂದು ಇಟ್ಟಿಗೆ ಹೇರಿದೆ. ಬಾಗಿಲು ಮುಚ್ಚಿ ಹೊರಕೋಣೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತೆ.

ಟರ್ರ್ರ್ರ್... ಒಂದೇ ಸಮ ಓಡುತ್ತಿತ್ತು. ಚೆನ್ನಾಗಿತ್ತು.

ಆಮೇಲೆ ನಿಂತಿತು.

ಥೂ, ಇಟ್ಟಿಗೆ ಜಾರಿತು ಅಂದುಕೊಂಡೆ. ಏಳುವಷ್ಟರಲ್ಲಿ ಮತ್ತೆ ಶುರುವಾಯಿತು. ಈಗ ಮೆಲ್ಲಗೆ... ಒಂದು ಉದ್ದನೆಯ ಓಟ. ನಿಲುಗಡೆ. ಆಮೇಲೆ ಬಲು ನಿಧಾನ... ಯಾರೋ ಬಟ್ಟೆಯನ್ನು ತಿರುವಿನಲ್ಲಿ ಹುಷಾರಾಗಿ ತಿರುಗಿಸುತ್ತಿರುವ ಹಾಗೆ.

ಇಟ್ಟಿಗೆಗೆ ನಿಲ್ಲಿಸಿ, ನಿಧಾನಿಸಿ, ಮತ್ತೆ ತುಳಿಯಲು ಬರುತ್ತದೆಯೇ?

ಅಷ್ಟರಲ್ಲಿ ಕರೆಂಟು ಹೋಯಿತು. ದೀಪ ಆರಿತು, ಫ್ಯಾನು ನಿಂತಿತು. ಯುಪಿಎಸ್ಸು ಕುಂಯ್ ಕುಂಯ್ ಅನ್ನುತ್ತಿತ್ತು, ಕಂಪ್ಯೂಟರ್ ಪರದೆ ಮಾತ್ರ ಉರಿಯುತ್ತಿತ್ತು.

ಹೆಡ್‌ಫೋನಿನಲ್ಲಿ ಮಷೀನು ಇನ್ನೂ ಓಡುತ್ತಲೇ ಇತ್ತು.

ಹೆಡ್‌ಫೋನ್ ತೆಗೆದೆ. ಒಳಕೋಣೆಯಲ್ಲಿ ಯಾವ ಸದ್ದೂ ಇಲ್ಲ. ಮತ್ತೆ ಹಾಕಿಕೊಂಡೆ... ಹೊಲಿಯುತ್ತಿದೆ. ಆಮೇಲೆ ಕೀಂ ಅಂತ ಒಂದು ಸಣ್ಣ ಸದ್ದು, ಬೆಲ್ಟು ಎಳೆದ ಹಾಗೆ. ಅಲ್ಲಿಗೆ ಹೊಲಿಗೆ ನಿಂತಿತು.

ಹೆಡ್‌ಫೋನ್ ಕಿತ್ತಿಟ್ಟೆ, ರೆಕಾರ್ಡಿಂಗ್ ನಿಲ್ಲಿಸಲು ಎಷ್ಟೋ ಹೊತ್ತು ತೋಚಲೇ ಇಲ್ಲ. ಆಮೇಲೆ ಮೊಬೈಲ್ ಬೆಳಕು ಹಿಡಿದು ಒಳಗೆ ಹೋದೆ. ಇಟ್ಟಿಗೆ ಇಟ್ಟಲ್ಲೇ ಇತ್ತು, ಎತ್ತಿ ಪಕ್ಕಕ್ಕಿಟ್ಟೆ. ನಾನು ಮೇಲಕ್ಕೆತ್ತಿದ್ದ ಆ ಪುಟ್ಟ ಕಾಲು ಮಾತ್ರ ಕೆಳಗಿಳಿದಿತ್ತು. ಇನ್ನೊಂದು ವಿಚಾರ, ವಾಸನೆ. ನಮ್ಮ ಮನೆಯಲ್ಲಿ ಯಾವಾಗಲೂ ಇರುವುದು ಜೀನ್ಸಿನ ನೀಲಿ ಬಣ್ಣದ, ಮಷೀನಿನ ಎಣ್ಣೆಯ ವಾಸನೆ. ಅವತ್ತು ಅಲ್ಲಿ ಬಜೆಯ ವಾಸನೆ ಇತ್ತು, ಲೋಬಾನದ ಹೊಗೆಯ ವಾಸನೆ ಇತ್ತು. ಎಳೆಗೂಸಿರುವ ಮನೆಯ ವಾಸನೆ. ಸುತ್ತಮುತ್ತ ಯಾರ ಮನೆಯಲ್ಲೂ ಆಗ ಕೂಸಿರಲಿಲ್ಲ.

ಬುದ್ಧಿಯಿದ್ದವನು ಮನೆಯಿಂದ ಹೊರಗೆ ಓಡುತ್ತಿದ್ದ. ನಾನು ಕರೆಂಟು ಬಂದದ್ದೇ ರೆಕಾರ್ಡಿಂಗ್ ಹಾಕಿ ಕೇಳಿದೆ.

ಅಯ್ಯೋ, ಅದರಲ್ಲಿ ಜೀವ ಇತ್ತು! ಓಡುತ್ತಿತ್ತು, ತಡೆಯುತ್ತಿತ್ತು, ಉಸಿರಾಡುತ್ತಿತ್ತು. ಇಷ್ಟು ವರ್ಷ ಒದ್ದಾಡಿದರೂ ನನ್ನ ಕೈಗೆ ಬಾರದ್ದು ತಾನಾಗಿ ಬಂದು ಕೂತಿತ್ತು. ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು. ಕೊನೆಯ ಆ ಕೀಂ ಸದ್ದು ಕಿವಿಗೆ ಚುಚ್ಚಿತು, ತೆಗೆದುಹಾಕಿದೆ. ಅದರ ನಂತರ ಬರೀ ಮೌನ ಅಂತ ಕೇಳದೆಯೇ ಕತ್ತರಿಸಿ ಎಸೆದೆ. ಮೇಲೊಂದು ಕೊಳಲು ಕೂರಿಸಿ ಜೋರಾಗಿ ಹಾಕಿದೆ.

ರತ್ನಾ ಬಂದವಳು ಬಾಗಿಲಲ್ಲೇ ನಿಂತಳು.

"ಒಳಗ ಯಾರು ಹೊಲಿಯಾಕ ಹತ್ಯಾರ?"

"ಯಾರೂ ಇಲ್ಲ. ರೆಕಾರ್ಡು. ಹೆಂಗದೆ ಹೇಳು?"

ಅವಳು ಪೂರ್ತಿ ಕೇಳಿದಳು. ಇನ್ನೊಮ್ಮೆ ಹಾಕಿಸಿ ಕೇಳಿದಳು. ಮುಖ ಬಿಳಿಚಿಕೊಂಡಿತ್ತು.

"ಇದು ಪ್ಯಾಂಟಲ್ರಿ," ಪಿಸುಗುಟ್ಟಿದಳು. "ಮೆತ್ತನ್ನ ಬಟ್ಟಿ... ಇದು ನೆತ್ತಿ ಮ್ಯಾಲಿನ ಹೊಲಿಗಿ. ಇದು ಕಿವಿ ಹತ್ರದ ತಿರುವು... ಇದು ಲಾಡಿ ಹಚ್ಚಿದ್ದು. ಒಂದ ಲಾಡಿ. ಇನ್ನೊಂದು ಹಚ್ಚಿಲ್ಲ. ಕುಲಾವಿ ಇದು. ಕೂಸಿನ ಕುಲಾವಿ."

ಹುಟ್ಟುವ ಮೊದಲು ಕೂಸಿಗೆ ಹೊಸ ಬಟ್ಟೆ ಹೊಲಿಯುವುದಿಲ್ಲ ನಮ್ಮಲ್ಲಿ. ಹುಟ್ಟಿದ ಕೂಸಿಗೂ ಮೊದಲು ಸುತ್ತುವುದು ಅಜ್ಜಿಯ ಹಳೇ ಸೀರೆ.

"ಅಳಿಸ್ರಿ ಅದನ್ನ."

"ನೋಡೇ, ಇಷ್ಟು ವರ್ಷಕ್ಕೆ ಒಂದೇ ಒಂದು ನೆಟ್ಟಗೆ ಬಂದದೆ..."

"ನನಗ ಕೂಸು ಬೇಕ್ರಿ. ನಿಮಗ ಏನು ಬೇಕು, ಹೇಳ್ರಿ."

ಅವಳೆದುರಿಗೇ ಎಲ್ಲ ಅಳಿಸಿದೆ. ಅಳಿಸಿ, ಸಿಟ್ಟಿನಲ್ಲಿ ಊಟ ಬಿಟ್ಟು ಮಲಗಿದೆ. ಮರುದಿನ ಇಟ್ಟಿಗೆಯನ್ನು ಅವಳೇ ತೆಗೆದುಕೊಂಡು ಹೋಗಿ ಹಳ್ಳದಲ್ಲಿ ಎಸೆದು ಬಂದಳು. ಹೆರುವ ತನಕ ಅವಳು ಸರಿಯಾಗಿ ನಿದ್ದೆ ಮಾಡಿದ್ದನ್ನು ನಾನು ಕಾಣಲಿಲ್ಲ. ರಾತ್ರಿ ಎದ್ದು ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏನೋ ಆಲಿಸುತ್ತಿದ್ದಳು.

ಹೆಣ್ಣುಮಗು ಹುಟ್ಟಿತು. ದೇವರ ದಯೆ, ಗಟ್ಟಿಮುಟ್ಟಾಗಿತ್ತು. ಬಾಣಂತನಕ್ಕೆ ಅತ್ತೆಯೇ ಗುಮ್ಮಘಟ್ಟದಿಂದ ನಮ್ಮ ಮನೆಗೆ ಬಂದರು.

ಮೂರು ತಿಂಗಳು ತುಂಬಿದ ಮೇಲೆ ಒಂದು ಸಂಜೆ. ಅತ್ತೆ ಕೂಸಿಗೆ ಲೋಬಾನ ಹಾಕಿ, ತೊಟ್ಟಿಲಲ್ಲಿ ಮಲಗಿಸಿ ಅಂಗಡಿಗೆ ಹೋಗಿದ್ದರು. ನಾನು ಹೊರಕೋಣೆಯಲ್ಲಿ ಕಂಪ್ಯೂಟರಿನ ಜೊತೆ ಗುದ್ದಾಡುತ್ತಿದ್ದೆ. ಒಳಗೆ ಮಷೀನು ಶುರುವಾಯಿತು.

ಉದ್ದನೆಯ ಓಟ. ನಿಲುಗಡೆ. ಆಮೇಲೆ ಬಲು ನಿಧಾನ...

ನನ್ನ ಬೆರಳು ಅಲ್ಲೇ ನಿಂತವು. ಒಂದು ಹೊಲಿಗೆ ಹೆಚ್ಚಿಲ್ಲ, ಒಂದು ಹೊಲಿಗೆ ಕಡಿಮೆಯಿಲ್ಲ. ಬಜೆ, ಲೋಬಾನದ ವಾಸನೆ ಬಾಗಿಲು ದಾಟಿ ಬರುತ್ತಿತ್ತು. ಮುಂದೇನು ಬರಬೇಕು ಅಂತ ನನಗೆ ಗೊತ್ತಿತ್ತು...

ಕೀಂ.

ಕೂಸು ಅತ್ತಿತು. ಮಷೀನು ನಿಂತಿತು.

ನಾನು ಒಳಗೆ ಓಡಿದೆ. ರತ್ನಾ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಮಷೀನಿನ ಮೇಲೆ ಕುಲಾವಿ. ಒಂದೇ ಲಾಡಿ.

"ಅವತ್ತ ಗೊತ್ತಾಗಿತ್ರಿ ನನಗ," ಅಂದಳು. "ಅದು ನನ್ನ ಕೈ. ನನ್ನ ಹೊಲಿಗಿ ನನಗ ತಿಳೀದಿಲ್ಲೇನು?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಕುಲಾವಿ ಹೊಲಿಯೋದು ಕೇಳಿಸ್ತು. ಕೂಸಿನ ಸದ್ದ ಇರಲಿಲ್ಲಲ್ರಿ ಅದರಾಗ! ಎಷ್ಟು ಕಿವಿಗೊಟ್ರೂ ಒಂದು ಅಳು ಇಲ್ಲ, ಒಂದು ಉಸಿರಿಲ್ಲ. ಯಾರಿಗೆ ಹೊಲೀಲಿಕ್ಕೆ ಹತ್ತೀನಿ ನಾನು, ಅಂತ ದಿನಾ ಸತ್ತೀನ್ರಿ."

"ಇತ್ತು ಕಣೆ," ಅಂದೆ. "ಅಳು ಇತ್ತು. ಬೆಲ್ಟಿನ ಸದ್ದು ಅಂತ ನಾನೇ ತೆಗೆದುಹಾಕಿದ್ದೆ."

ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ. ಕೂತುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಆ ಇನ್ನೊಂದು ಲಾಡಿಯನ್ನು ಅವಳು ಹಚ್ಚಲೇ ಇಲ್ಲ. "ಅಲ್ಲಿಗೇ ನಿಂತಿತ್ತಲ್ರಿ, ಅಲ್ಲಿಗೇ ಇರ್ಲಿ," ಅಂದಳು. ಮಗಳು ಪಿನ್ನು ಚುಚ್ಚಿದ ಆ ಕುಲಾವಿಯನ್ನೇ ತೊಟ್ಟು ಬೆಳೆದಳು. ಈಗ ಶಾಲೆಗೆ ಹೋಗುತ್ತಾಳೆ.

ನಾನು ಈಗಲೂ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಈಗಲೂ ಡಬ್ಬವೇ, ಕುಕ್ಕರ್ರೇ. ಖಾಜಾ ಮತ್ತೆ ಬಾಗುಂದಿ ಅನ್ನಲು ಶುರುಮಾಡಿದ್ದಾನೆ. ನನ್ನನ್ನು ಕೊರೆಯುವುದು ಅದಲ್ಲ. ಅವತ್ತು ಆ ಅಳುವಿನ ನಂತರವೂ ರೆಕಾರ್ಡಿಂಗ್ ಇತ್ತು, ಸಾಕಷ್ಟು ಉದ್ದಕ್ಕೇ ಇತ್ತು. ನಮ್ಮ ಮನೆಯಲ್ಲಿ ಮುಂದೆ ಆಗಲಿರುವುದು ಇನ್ನೇನಾದರೂ ಅದರಲ್ಲಿ ಇತ್ತೋ ಏನೋ. ಮೌನ ಅಂತ ಕೇಳದೆ ಎಸೆದವನು ನಾನೇ.

ಮಗಳು ಆಡುತ್ತಾ ಆಡುತ್ತಾ ಸುಮ್ಮನಾದರೆ ಸಾಕು, ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಹೆಸರು ಕೂಗುತ್ತೇನೆ. ಅವಳು "ಏನಪ್ಪಾ" ಅನ್ನುವ ತನಕ ಕೂಗುತ್ತಲೇ ಇರುತ್ತೇನೆ.